ಅಪ್ಪಯ್ಯನ ಪದಕ, ತಮ್ಮನ ಸನ್ಮಾನ

ಪ್ರಶ್ನೆ: ಅಪ್ಪಯ್ಯ 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದವರು. ಡಿಸೆಂಬರ್ 16ರ ವಿಜಯ ದಿವಸಕ್ಕೆ ಅವರಿಗೆ ಗೊತ್ತಾಗದಂತೆ ಊರ ಶಾಲೆಯಲ್ಲಿ ಸನ್ಮಾನ ಇಡಬೇಕೆಂದು ತಮ್ಮನ ಹಟ. ಯುದ್ಧದ ಮಾತೆತ್ತಿದರೆ ಅಪ್ಪಯ್ಯ ಎದ್ದು ತೋಟಕ್ಕೆ ಹೋಗುತ್ತಾರೆ. ಪದಕಗಳು ಟ್ರಂಕಿನಲ್ಲಿ ಬೂಷ್ಟು ಹಿಡಿದಿವೆ. ಏನು ಮಾಡಲಿ?
– ತೀರ್ಥಹಳ್ಳಿ ಕಡೆಯ ಮಗಳು

ಉತ್ತರ: ಗುಟ್ಟಿನ ಸನ್ಮಾನ ಬೇಡ. ಮೈಕ್ ಹಿಡಿದವರು ‘ಎಷ್ಟು ಜನರನ್ನು ಹೊಡೆದಿರಿ’ ಎಂದು ಕೇಳಿಬಿಡುತ್ತಾರೆ. ಶಾಲು ಹೊದ್ದು ಕೂತವರು ತೋಟಕ್ಕೆ ಎದ್ದು ಹೋಗುವಂತೆಯೂ ಇಲ್ಲ.

ಮೊದಲು ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ ಪ್ರತಿ ಎರಡನ್ನೂ ತೆಗೆಯಿರಿ. ಅಮ್ಮನ ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ಅಕ್ಷರ ಬಿಡದೆ ತಾಳೆ ನೋಡಿ. ಸೇನೆಯ ದಾಖಲೆಯಲ್ಲಿ ಸರಸ್ವತಮ್ಮ ‘ಸರಸಮ್ಮ’ ಆಗಿರುವುದುಂಟು. ಈಗಾದರೆ ಅಪ್ಪಯ್ಯನದೇ ಸಹಿಯಲ್ಲಿ ತಿದ್ದಿಸಬಹುದು. ಹಾಗೇ ಬಿಟ್ಟರೆ ಮುಂದೆ ಅಮ್ಮನ ಕುಟುಂಬ ಪಿಂಚಣಿಗೇ ಅಡ್ಡ ಬರುತ್ತದೆ. ಸನ್ಮಾನಕ್ಕಿಂತ ತುರ್ತಿನ ಕೆಲಸ ಇದು. ಶಿವಮೊಗ್ಗದ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಅವರ ದಳದ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ. ಆರ್ಮಿ ನಂಬರ್, ರ‍್ಯಾಂಕ್, ಸೇರಿದ ಮತ್ತು ಬಿಟ್ಟ ದಿನಾಂಕ ಬರೆಯದಿದ್ದರೆ ಹುಡುಕುವವರಿಗೆ ತಲೆಬುಡ ಸಿಗುವುದಿಲ್ಲ.

ಪದಕಗಳಲ್ಲಿ ಆ ಯುದ್ಧಕ್ಕೆಂದು ಕೊಟ್ಟ ಪೂರ್ವಿ ಸ್ಟಾರ್, ಸಂಗ್ರಾಮ ಪದಕ ಇರಬೇಕು, ನೋಡಿ. ಸಂಗ್ರಾಮ ಪದಕದ ಅಂಚಿನಲ್ಲಿ ಅವರ ನಂಬರು, ಹೆಸರು ಸಣ್ಣಕ್ಕೆ ಕೊರೆದಿರುತ್ತದೆ. ಹುಣಸೆಹಣ್ಣು, ಬ್ರಾಸೋ ಪಾಲಿಶ್ ಹಾಕಿ ತಿಕ್ಕಿದರೆ ಮೊದಲು ಸವೆಯುವುದು ಅದೇ. ಒಣ ಹತ್ತಿಬಟ್ಟೆ ಸಾಕು. ರಿಬ್ಬನ್ ತೊಳೆದರೆ ಬಣ್ಣ ಹರಡುತ್ತದೆ, ಬಿಸಿಲಿಗಿಟ್ಟರೆ ಮಾಸುತ್ತದೆ. ನೆರಳಲ್ಲಿ ಗಾಳಿಯಾಡಲು ಬಿಟ್ಟು ಮೆತ್ತನೆ ಬ್ರಷ್‌ನಿಂದ ಬೂಷ್ಟು ಕೊಡವಿ. ಗಾಜಿನ ಚೌಕಟ್ಟು ಹಾಕಿಸುವುದಾದರೆ ಹೊರಗೋಡೆಗೆ ಬೇಡ, ನಮ್ಮ ಮಳೆಗಾಲದಲ್ಲಿ ಅದು ಶೀತ ಎಳೆಯುತ್ತದೆ. ಒಳಗೋಡೆಗೆ, ಹಿಂದೆ ಅರ್ಧ ಇಂಚು ಗಾಳಿ ಬಿಟ್ಟು ತೂಗುಹಾಕಿ. ಡಿಸ್ಚಾರ್ಜ್ ಬುಕ್ಕಿಗೆ ಮಾತ್ರ ಲ್ಯಾಮಿನೇಶನ್ ಮಾಡಿಸಲೇಬೇಡಿ, ಒಳಗೆ ಸಿಕ್ಕಿದ ತೇವ ಹೊರಬರುವುದಿಲ್ಲ. ಸ್ಕ್ಯಾನ್ ಮಾಡಿಸಿಡಿ.

ಈ ಕೆಲಸವನ್ನೆಲ್ಲ ಅವರ ಎದುರಿಗೇ ಜಗಲಿಯಲ್ಲಿ ಕೂತು ಮಾಡಿ. ‘ಯುದ್ಧ ಹೇಗಿತ್ತು’ ಅನ್ನಬೇಡಿ. ಊಟ ಏನು ಕೊಡುತ್ತಿದ್ದರು, ಊರಿಗೆ ಕಾಗದ ಹೇಗೆ ಬರುತ್ತಿತ್ತು ಎಂದು ಕೇಳಿ. ತೀರಿಹೋದ ಜೊತೆಗಾರನ ಹೆಸರು ಬಾಯಿಗೆ ಬಂದರೆ ಬರೆದಿಟ್ಟುಕೊಳ್ಳಿ. ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದ ಗೋಡೆಗಳಲ್ಲಿ ಕೆತ್ತಿದ್ದಾರೆ. ಅದನ್ನು ನೋಡುವ ಮನಸ್ಸು ಅವರಿಗಿದ್ದರೆ ನಿಮ್ಮ ತಮ್ಮ ಸನ್ಮಾನದ ದುಡ್ಡನ್ನು ರೈಲು ಟಿಕೆಟ್ಟಿಗೆ ಹಾಕಲಿ. ಡಿಸೆಂಬರಿನಲ್ಲಿ ಮಾತ್ರ ಬೇಡ, ಈ ವಯಸ್ಸಿಗೆ ದೆಹಲಿಯ ಚಳಿ ತಡೆಯದು.