ವಿಮೆಂಟಿನ್ ಪಾಸಿಟಿವ್ ಅಂದ್ರೆ ಕ್ಯಾನ್ಸರ್ ಹರಡಿದೆ ಅಂತಾನಾ?

ಪ್ರಶ್ನೆ: ನಮ್ಮಪ್ಪನಿಗೆ ಬಹಳ ವರ್ಷದಿಂದ ಗುಟ್ಕಾ ಚಟ. ಗಲ್ಲದ ಒಳಗೆ ಹುಣ್ಣಾಗಿ ಮಾಯಲೇ ಇಲ್ಲ. ಹುಬ್ಬಳ್ಳಿಯಲ್ಲಿ ಬಯಾಪ್ಸಿ ಮಾಡಿಸಿದೆವು, ಕ್ಯಾನ್ಸರ್ ಅಂತ ಬಂತು. ಅದೇ ತುಣುಕಿನ ಮೇಲೆ ಇನ್ನೊಂದು ಟೆಸ್ಟ್ ಮಾಡಿ 'ಸೈಟೋಕೆರಾಟಿನ್ ಪಾಸಿಟಿವ್, ವಿಮೆಂಟಿನ್ ಪಾಸಿಟಿವ್' ಅಂತ ಬರೆದಿದ್ದಾರೆ. ಮೊಬೈಲ್‌ನಲ್ಲಿ ನೋಡಿದರೆ ವಿಮೆಂಟಿನ್ ಇದ್ದರೆ ಹರಡುತ್ತದೆ ಅಂತಿದೆ. ಈಗಾಗಲೇ ಹರಡಿಬಿಟ್ಟಿದೆಯಾ? ಕಾಶಿ ಕಣಗಲೆ ಎಲೆಯ ರಸ ಕುಡಿಸಿ ಅಂತ ಮಂದಿ ಹೇಳುತ್ತಿದ್ದಾರೆ, ಕುಡಿಸಬಹುದಾ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಆ ಒಂದು ಸಾಲು ನೋಡಿ ಹರಡಿದೆ ಅಂತ ಹೇಳಲು ಬರುವುದಿಲ್ಲ. ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಿ.

ವಿಮೆಂಟಿನ್ ಅನ್ನುವುದು ಒಂದು ಪ್ರೋಟೀನ್. ನಿಮ್ಮ ಮೈಯಲ್ಲೂ ಇದೆ, ನನ್ನ ಮೈಯಲ್ಲೂ ಇದೆ. ಮನೆಗೆ ತೊಲೆ, ಕಂಬ ಇದ್ದ ಹಾಗೆ ಜೀವಕೋಶದೊಳಗೆ ಪ್ರೋಟೀನ್ ಎಳೆಗಳ ಹಂದರ ಇರುತ್ತದೆ. ಬಾಯಿಯ ಒಳಪದರದ ಕೋಶಗಳಲ್ಲಿ ಮುಖ್ಯವಾಗಿ ಕೆರಾಟಿನ್ ಎಳೆ, ರಿಪೋರ್ಟಿನಲ್ಲಿ ಸೈಟೋಕೆರಾಟಿನ್ ಅಂದಿರುವುದು ಇದನ್ನೇ. ಅದರ ಕೆಳಗಿನ ಅಂಗಾಂಶ, ರಕ್ತನಾಳದ ಒಳಗೋಡೆ, ಬಿಳಿ ರಕ್ತಕಣ, ಇಲ್ಲೆಲ್ಲ ವಿಮೆಂಟಿನ್. ಗಾಯ ಮಾಯುವುದಕ್ಕೂ ಅದು ಬೇಕು.

ಹಾಗಂತ ಮೊಬೈಲ್‌ನಲ್ಲಿ ಓದಿದ್ದು ಪೂರ್ತಿ ಸುಳ್ಳಲ್ಲ. ಒಳಪದರದ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಇಡುವ ಪ್ರೋಟೀನ್‌ಗಳಲ್ಲಿ ಇ-ಕ್ಯಾಡ್‌ಹೆರಿನ್ ಮುಖ್ಯವಾದದ್ದು. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಅದು ಕಡಿಮೆಯಾಗಿ, ವಿಮೆಂಟಿನ್ ಜಾಸ್ತಿಯಾಗಿ, ಕೋಶ ಉದ್ದಕ್ಕೆ ಎಳೆದಂತಾಗಿ, ಪಕ್ಕದವುಗಳ ಹಿಡಿತ ಬಿಟ್ಟು ಸರಿಯಲು ಶುರು ಮಾಡುತ್ತದೆ. ವಿಮೆಂಟಿನ್ ಎಳೆ ಹಿಗ್ಗುತ್ತದೆ, ಸುಲಭಕ್ಕೆ ಹರಿಯುವುದಿಲ್ಲ. ಇಕ್ಕಟ್ಟಿನಲ್ಲಿ ನುಸುಳುವ ಕೋಶಕ್ಕೆ ಅದೇ ಆಸರೆ. ಆದರೆ ಹರಡುವ ಶಕ್ತಿ ಇರುವುದು ಬೇರೆ, ಹರಡಿರುವುದು ಬೇರೆ ಅಲ್ವಾ?

ಇನ್ನು, ಆ ಟೆಸ್ಟ್ ಯಾಕೆ ಮಾಡುತ್ತಾರೆ? ಸೂಕ್ಷ್ಮದರ್ಶಕದಲ್ಲಿ ಕೋಶಗಳು ಉದ್ದುದ್ದ ಕಂಡರೆ, ಇದು ಒಳಪದರದ ಕ್ಯಾನ್ಸರೋ ಅಥವಾ ಸಾರ್ಕೋಮಾ ಎಂಬ ಬೇರೆ ಜಾತಿಯದೋ ಎಂಬ ಅನುಮಾನ ಬರುತ್ತದೆ. ಅದನ್ನು ಬಿಡಿಸುವುದಕ್ಕೆ ಸಾಮಾನ್ಯವಾಗಿ ಈ ಪ್ರೋಟೀನ್‌ಗಳು ಎದ್ದು ಕಾಣುವಂತೆ ತುಣುಕಿಗೆ ಬಣ್ಣ ಹಾಕಿ ನೋಡುತ್ತಾರೆ. ಸೈಟೋಕೆರಾಟಿನ್ ಪಾಸಿಟಿವ್ ಬಂದಿರುವುದು ಒಳಪದರದ ಕಡೆ ಬೆರಳು ತೋರಿಸುತ್ತದೆ. ಹರಡಿದೆಯೋ ಇಲ್ಲವೋ ತಿಳಿಯುವುದು ಕುತ್ತಿಗೆ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, ಗಂಟು ಕಂಡರೆ ಅದನ್ನೂ ಪರೀಕ್ಷಿಸಿದ ಮೇಲೆ. ಡಾಕ್ಟರ್ ಹತ್ತಿರ ಹೋದಾಗ ವಿಮೆಂಟಿನ್ ಬಗ್ಗೆ ಜಾಸ್ತಿ ಕೇಳಬೇಡಿ. ಯಾವ ಹಂತ, ಹುಣ್ಣು ಎಷ್ಟು ಆಳ ಇಳಿದಿದೆ, ಕುತ್ತಿಗೆಯಲ್ಲಿ ಗಂಟಿದೆಯಾ, ಆಪರೇಷನ್ ಯಾವಾಗ, ಇವನ್ನು ಕೇಳಿ.

ಕಾಶಿ ಕಣಗಲೆ ರಸ ಬೇಡವೇ ಬೇಡ. ಆ ಗಿಡದಿಂದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಗಳು ಬಂದಿರುವುದು ನಿಜ, ಮಂದಿ ಹೇಳುವುದಕ್ಕೆ ಅದೇ ಕಾರಣ. ಅವು ಹಿಡಿಯುವುದು ವಿಮೆಂಟಿನ್ ಅನ್ನು ಅಲ್ಲ, ಕೋಶದ ಇನ್ನೊಂದು ಜಾತಿಯ ಎಳೆ ಮೈಕ್ರೋಟ್ಯೂಬ್ಯೂಲ್ ಅನ್ನು. ಕೋಶ ಎರಡಾಗುವಾಗ ಬೇಕಾಗುವ ಎಳೆ ಅದು. ಔಷಧವನ್ನು ಶುದ್ಧ ಮಾಡಿ, ಅಳೆದು, ರಕ್ತನಾಳಕ್ಕೆ ಕೊಡುತ್ತಾರೆ. ಅಷ್ಟು ಮಾಡಿದರೂ ವಿನ್‌ಕ್ರಿಸ್ಟಿನ್ ನರಗಳಿಗೆ ಪೆಟ್ಟು ಕೊಡಬಹುದು, ವಿನ್‌ಬ್ಲಾಸ್ಟಿನ್ ಬಿಳಿ ರಕ್ತಕಣ ಇಳಿಸಬಹುದು. ಎಲೆ ರಸದಲ್ಲಿ ಎಷ್ಟಿದೆ ಅಂತ ಅಳೆಯುವವರು ಯಾರು? ಅಪ್ಪನಿಗೆ ಈಗಾಗಲೇ ಕುಡಿಸಿದ್ದರೆ ಮುಚ್ಚಿಡಬೇಡಿ, ಚಿಕಿತ್ಸೆ ಶುರುವಾಗುವ ಮೊದಲೇ ಡಾಕ್ಟರ್‌ಗೆ ಹೇಳಿ. ಗುಟ್ಕಾ ಇವತ್ತೇ ನಿಲ್ಲಿಸಿ, ಈ ವಾರವೇ ಎಲ್ಲ ರಿಪೋರ್ಟು, ಸ್ಲೈಡು ಹಿಡಿದುಕೊಂಡು ಹುಬ್ಬಳ್ಳಿಗೆ ಹೋಗಿ.