ಓದುಗರ ಪ್ರಶ್ನೆ: ವೀಲ್‌ಚೇರ್‌ನಲ್ಲಿ ಗೋಕಾಕ ಫಾಲ್ಸ್ ನೋಡುವುದು ಹೇಗೆ?

ನಮ್ಮ ಅವ್ವ ವೀಲ್‌ಚೇರ್ ಮ್ಯಾಲೆ ಇರ್ತಾಳ್ರೀ. ಈ ಮಳಿಗಾಲದಾಗ ಗೋಕಾಕ ಫಾಲ್ಸ್ ತೋರಿಸಬೇಕಂತ ಮಾಡೇವಿ. ನಾನು, ತಮ್ಮ ಇಬ್ಬರೇ ಹೋಗೂದು. ಇಳಿಜಾರು, ಮೆಟ್ಟಿಲು ಬಂದರ ಹೆಂಗ ಮಾಡಬೇಕು? ತೂಗುಸೇತುವಿ ಮ್ಯಾಲೆ ಹೋಗಬಹುದಾ?
– ಜಮಖಂಡಿಯ ಓದುಗರು

ಖಂಡಿತ ಕರೆದುಕೊಂಡು ಹೋಗಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬರೀ ಬಂಡೆ ನೋಡಿ ಬರಬೇಕಾದೀತು. ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅದನ್ನು ನೋಡಲು ನೀರಿನ ಅಂಚಿಗೆ ಹೋಗಬೇಕಿಲ್ಲ, ಹೋಗಲೂಬಾರದು. ಮೇಲ್ಗಡೆ ಹಿಡಕಲ್ ಜಲಾಶಯವಿದೆ, ಧೂಪದಾಳದ ಒಡ್ಡು ಇದೆ. ಅಲ್ಲಿಂದ ನೀರು ಬಿಟ್ಟಾಗ ಹೊಳೆ ದಿಢೀರನೆ ಏರುತ್ತದೆ. ಓಡಲು ಬರುವವರಿಗೇ ಕಷ್ಟ, ಕುರ್ಚಿ ತಿರುಗಿಸಿಕೊಂಡು ಬರುವುದಂತೂ ದೂರದ ಮಾತು.

ತೂಗುಸೇತುವೆ ಬೇಡ. ಸುಮಾರು 200 ಮೀಟರ್ ಉದ್ದ, ಕಾಲಿಟ್ಟರೆ ಓಲಾಡುತ್ತದೆ. ಕುರ್ಚಿಯ ಪಕ್ಕದಲ್ಲಿ ನಿಂತು ಹಿಡಿದುಕೊಳ್ಳಲು ಜಾಗ ಸಾಲದು, ನಡುವೆ ಹೆದರಿಕೆಯಾದರೆ ತಿರುಗಿಸುವುದೂ ಕಷ್ಟ. ಹತ್ತಿರದ ಗೊಡಚಿನಮಲ್ಕಿ ಜಲಪಾತವನ್ನೂ ಈ ಸಲ ಬಿಡಿ. ಚೆಲುವಾದ ಜಾಗವೇ, ಆದರೆ ದಾರಿ ಕಲ್ಲುಬಂಡೆಯದು.

ಜಲಪಾತ ಎಷ್ಟು ದೊಡ್ಡದು ಎಂಬುದಕ್ಕಿಂತ ಕಾರು ನಿಲ್ಲುವಲ್ಲಿಂದ ನೋಡುವಲ್ಲಿಯವರೆಗಿನ ನೆಲ ಹೇಗಿದೆ ಎಂಬುದು ಮುಖ್ಯ. ಅವ್ವ ಕಾರಿನಲ್ಲೇ ಕುಳಿತಿರಲಿ, ಒಬ್ಬರು ಇಳಿದು ಪೂರ್ತಿ ನಡೆದು ನೋಡಿ ಬನ್ನಿ. ಖಡಿ, ರಾಡಿ, ಪಾಚಿ ಹಿಡಿದ ಫರಸಿ, ಚರಂಡಿಯ ಜಾಲರಿ, ಈ ನಾಲ್ಕರ ಮೇಲೆ ಕಣ್ಣಿಡಿ. ಮುಂದಿನ ಸಣ್ಣ ಗಾಲಿ ಸಂದಿಗೆ ಸಿಕ್ಕಿದರೆ ಕುರ್ಚಿ ಗಕ್ಕನೆ ನಿಲ್ಲುತ್ತದೆ, ಕುಳಿತವರು ಮುಂದಕ್ಕೆ ಬೀಳುತ್ತಾರೆ. ಅಂಥಲ್ಲಿ ಹಿಡಿಕೆಯನ್ನು ಕೆಳಕ್ಕೆ ಒತ್ತಿ, ಮುಂದಿನ ಗಾಲಿ ಎತ್ತಿ, ಹಿಂದಿನ ದೊಡ್ಡ ಗಾಲಿಗಳ ಮೇಲೆ ದಾಟಿಸಿ. ಎತ್ತುವ ಮೊದಲು "ಅವ್ವ, ಹಿಂದಕ್ಕ ವಾಲಸ್ತೀನಿ" ಎಂದು ಹೇಳಿಯೇ ಎತ್ತಬೇಕು.

ಇಳಿಜಾರಿಗೂ ಮೆಟ್ಟಿಲಿಗೂ ಲೆಕ್ಕ ಬೇರೆ. ಬಹಳ ಮಂದಿ ಇಲ್ಲೇ ಎಡವುತ್ತಾರೆ. ಕಡಿದಾದ ಇಳಿಜಾರಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ಅವ್ವನ ಮುಖ ಮೇಲಿನ ಕಡೆಗಿರಬೇಕು. ಅಂದರೆ ಇಳಿಯುವಾಗ ನೀವು ಕೆಳಗೆ ನಿಂತು, ಹಿಂದೆ ನೋಡುತ್ತ, ಕುರ್ಚಿಯನ್ನು ಹಿಮ್ಮುಖವಾಗಿ ಬಿಡುತ್ತ ಬರಬೇಕು. ಆಗ ಭಾರ ನಿಮ್ಮ ಮೈಮೇಲೆ ನಿಲ್ಲುತ್ತದೆ, ಅವ್ವ ಜಾರುವುದಿಲ್ಲ. ಮೆಟ್ಟಿಲಲ್ಲಿ ಇದಕ್ಕೆ ತಿರುವುಮುರುವು: ಎರಡೂ ಸಲ ಮುಖ ಕೆಳಗಿನ ಕಡೆಗೆ, ಕುರ್ಚಿ ಹಿಂದಕ್ಕೆ ವಾಲಿರಬೇಕು. ಗಟ್ಟಿಗರು ಹಿಂದಿನ ಹಿಡಿಕೆ ಹಿಡಿದು ಮೇಲಿರಲಿ, ಇನ್ನೊಬ್ಬರು ಮುಂದೆ ಕೆಳಗಿನ ಮೆಟ್ಟಿಲಲ್ಲಿ ನಿಂತು ಕಬ್ಬಿಣದ ಚೌಕಟ್ಟು ಹಿಡಿಯಲಿ. ಪಾದದ ಹಲಗೆ, ಕೈಯಾಸರೆ ಹಿಡಿಯಲೇಬೇಡಿ, ಬಿಚ್ಚಿಡುವ ಮಾದರಿಯದಾದರೆ ಕಿತ್ತು ಕೈಗೇ ಬರುತ್ತವೆ. ಒಂದೊಂದೇ ಮೆಟ್ಟಿಲು, ದೊಡ್ಡ ಗಾಲಿ ಎರಡೂ ಒಟ್ಟಿಗೆ ಊರಿದ ಮೇಲೆ ಮುಂದಿನದು. ನಾಲ್ಕೈದಕ್ಕಿಂತ ಹೆಚ್ಚು ಮೆಟ್ಟಿಲಿದ್ದರೆ, ಇಲ್ಲವೇ ಅವು ಒದ್ದೆಯಾಗಿದ್ದರೆ, ಇಬ್ಬರಿಂದ ಆಗದು, ಮೇಲಿಂದಲೇ ನೋಡಿ.

ಹೊರಡುವ ಹಿಂದಿನ ದಿನ ಬ್ರೇಕ್ ಪರೀಕ್ಷಿಸಿ. ಈ ಬ್ರೇಕು ಟೈರಿನ ಮೇಲೆ ಒತ್ತಿ ನಿಲ್ಲಿಸುವಂಥದು. ಗಾಳಿ ಕಡಿಮೆಯಿದ್ದರೆ ಹಾಕಿದ್ದೂ ಹಾಕದಂತೆಯೇ, ಟೈರ್ ಒದ್ದೆಯಾದರೆ ಇನ್ನೂ ಜಾರುತ್ತದೆ. ನಿಂತಲ್ಲಿ ಬ್ರೇಕ್ ಹಾಕಿದ ಮೇಲೂ ಕುರ್ಚಿಯನ್ನು ಕಣಿವೆಗೆ ನೇರವಾಗಿ ನಿಲ್ಲಿಸದೆ ಅಡ್ಡಲಾಗಿ ನಿಲ್ಲಿಸಿ.

ತಮ್ಮನಿಗೆ ಬೆನ್ನುಹುರಿ ಪೆಟ್ಟಾಗಿದೆ, ಮೂತ್ರದ ಚೀಲವಿದೆ. ಇಡೀ ದಿನದ ಪ್ರವಾಸ ತಡೆದೀತೇ?
– ವಿಜಯಪುರದ ಓದುಗರು

ತಯಾರಿ ಇದ್ದರೆ ತಡೆಯುತ್ತದೆ. ಸೊಂಟದ ಕೆಳಗೆ ಸ್ಪರ್ಶ ತಿಳಿಯದಿದ್ದರೆ ಚರ್ಮ ಒಳಗೇ ನಲುಗುತ್ತಿದ್ದರೂ ಗೊತ್ತಾಗುವುದಿಲ್ಲ. ಕಾರಿನ ಸೀಟಿನ ಮೇಲೂ ಅವರ ವೀಲ್‌ಚೇರ್‌ ದಿಂಬನ್ನೇ ಹಾಕಿ. ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿಸಿ ಅಥವಾ ಪಕ್ಕಕ್ಕೆ ವಾಲಿಸಿ ಒತ್ತಡ ಇಳಿಸಿ, ಒಮ್ಮೆಗೆ ಒಂದೆರಡು ನಿಮಿಷ. ತುಂತುರಿಗೆ ಬಟ್ಟೆ ಒದ್ದೆಯಾದರೆ ತಡಮಾಡದೆ ಬದಲಿಸಿ. ರಾತ್ರಿ ಕುಂಡಿ, ಹಿಮ್ಮಡಿ ನೋಡಿ: ಕೆಂಪು ಕಲೆ ಬೆರಳಲ್ಲಿ ಒತ್ತಿದಾಗಲೂ ಬಿಳುಚದಿದ್ದರೆ ಅದು ಗಾಯದ ಆರಂಭ, ಅದು ಮಾಯುವವರೆಗೆ ಅದರ ಮೇಲೆ ಕೂರಿಸಬೇಡಿ.

ಚೀಲ ಅರ್ಧಕ್ಕಿಂತ ಹೆಚ್ಚು ತುಂಬುವ ಮೊದಲೇ ಖಾಲಿ ಮಾಡಿ. ಪೆಟ್ಟು ಬೆನ್ನುಮೂಳೆಯ ಎದೆಭಾಗದ ಆರನೇ ಮಣಿಯ (ಕಶೇರುವಿನ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಈ ಮಾತು ನೆನಪಿರಲಿ: ದಿಢೀರ್ ತಲೆಸಿಡಿತ, ಮುಖ ಕೆಂಪಾಗುವುದು, ಮೈಯ ಮೇಲ್ಭಾಗ ಬೆವರುವುದು ಕಂಡರೆ ರಕ್ತದೊತ್ತಡ ಏರಿದೆ ಎಂದರ್ಥ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಬಿಗಿಬಟ್ಟೆ ಸಡಿಲಿಸಿ, ಮೂತ್ರದ ಚೀಲದ ನಳಿಕೆ ಮಡಿಚಿದೆಯೇ ನೋಡಿ. ಕೂಡಲೇ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ.

ಮೆಟ್ಟಿಲಿಲ್ಲದ ಜಾಗ ಬಾಗಲಕೋಟೆ ಕಡೆ ಯಾವುದಿದೆ?
– ಇಳಕಲ್ಲಿನ ಓದುಗರು

ಪಟ್ಟದಕಲ್ಲು. ಗುಡಿಗಳ ಒಳಗೆ ಹೋಗಲು ಮೆಟ್ಟಿಲಿವೆ, ಆದರೆ ಸುತ್ತಲಿನ ಆವರಣ ಸಮತಟ್ಟಾಗಿದೆ. ವಿರೂಪಾಕ್ಷ ಗುಡಿಯ ಹೊರಗೋಡೆಯ ಕೆತ್ತನೆಯನ್ನೇ ಸಾವಕಾಶವಾಗಿ ನೋಡಬಹುದು. ಬಾದಾಮಿಯ ಗುಹೆಗಳಿಗೆ ಮೆಟ್ಟಿಲು ಹತ್ತಲೇಬೇಕು.

ನಮ್ಮೂರ ಹೊಳೆದಂಡೆಯಲ್ಲಿ ಪಂಚಾಯಿತಿಯಿಂದ ನೋಡುಕಟ್ಟೆ ಕಟ್ಟಿಸುತ್ತಿದ್ದೇವೆ. ವೀಲ್‌ಚೇರ್‌ಗೆ ಏನೇನು ಬೇಕು?
– ಹುಕ್ಕೇರಿ ತಾಲ್ಲೂಕಿನ ಸದಸ್ಯರು

ಕೇಳಿದ್ದು ಬಹಳ ಸಂತೋಷ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಇದು ಕೊಡಲೇಬೇಕಾದ ಸೌಲಭ್ಯ. ಇಳಿಜಾರು ಹಾದಿಯ ಲೆಕ್ಕ ಒಂದಕ್ಕೆ ಹನ್ನೆರಡು: 15 ಸೆಂಟಿಮೀಟರ್ ಎತ್ತರಕ್ಕೆ 180 ಸೆಂಟಿಮೀಟರ್ ಉದ್ದ. ಜಾಗ ಸಾಲದೆಂದು ಗೌಂಡಿ ಅರ್ಧಕ್ಕೆ ಇಳಿಸಿದರೆ ಅದು ಬೈಕ್ ಹತ್ತಿಸಲಿಕ್ಕಷ್ಟೇ. ಅಗಲ 120 ಸೆಂಟಿಮೀಟರ್, ಎರಡೂ ಕಡೆ ಹಿಡಿಗಂಬಿ, ಮೇಲ್ಮೈ ಒರಟು ಕಾಂಕ್ರೀಟ್. ನುಣುಪು ಟೈಲ್ಸ್ ಬೇಡವೇ ಬೇಡ. ಬೈಕ್ ತಡೆಯಲು ಕಂಬ ನೆಡುವುದಾದರೆ ನಡುವೆ 90 ಸೆಂಟಿಮೀಟರ್ ಬಿಡಿ. ಸಂಡಾಸದ ಬಾಗಿಲೂ ಅಷ್ಟೇ ಅಗಲವಿದ್ದು ಹೊರಕ್ಕೆ ತೆರೆಯಬೇಕು.

ತಡೆಗೋಡೆಯನ್ನು ಇಟ್ಟಿಗೆಯಲ್ಲಿ ಕಟ್ಟಬೇಡಿ. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 110–120 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಎದೆಮಟ್ಟದ ಗೋಡೆ ಎದ್ದರೆ ಅಷ್ಟು ದೂರ ಬಂದವರಿಗೆ ಕಾಣುವುದು ಸಿಮೆಂಟು. ಮಕ್ಕಳು ನುಸುಳದಷ್ಟು ಒತ್ತಾಗಿ ನೆಟ್ಟ ಲಂಬ ಸರಳುಗಳು ಒಳ್ಳೆಯದು. ಕಾಂಕ್ರೀಟ್ ಹಾಕುವ ಮೊದಲು ಸುಣ್ಣದ ಗೆರೆ ಎಳೆದು, ಊರಲ್ಲಿ ವೀಲ್‌ಚೇರ್ ಬಳಸುವವರನ್ನು ಕರೆಸಿ, ತಿರುಗಲು ಎಷ್ಟು ಜಾಗ ಬೇಕೆಂದು ಅವರಿಂದಲೇ ಗುರುತು ಹಾಕಿಸಿಕೊಳ್ಳಿ.