ಕಾರ್ವೆಟ್ ಸಿ8 ಬ್ಯಾಟರಿ ಸತ್ತು ಪಾರ್ಕ್‌ನಲ್ಲೇ ಲಾಕ್ ಆದರೆ ಏನು ಮಾಡಬೇಕು? ಗೇರ್‌ಬಾಕ್ಸಿನ ಪಾರ್ಕ್ ಲಾಕ್ ಬಿಡಿಸುವ ಟೂಲ್ ತಗೊಳ್ಳಬೇಕಾ?

ನಿಮ್ಮ ಪ್ರಶ್ನೆ ಇದು, ಅಲ್ವಾ? ಒಹಾಯೊದಲ್ಲಿದ್ದೀರಿ. 2023ರ ಕಾರ್ವೆಟ್ ಸಿ8, ಅಂದರೆ ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರಿನ ಎಂಟನೇ ತಲೆಮಾರು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ. ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ನಿಲ್ಲಿಸಬೇಕು. ಬ್ಯಾಟರಿ ಸತ್ತರೆ ಕಾರು ಪಾರ್ಕ್‌ನಿಂದ ಹೊರಗೇ ಬರುವುದಿಲ್ಲ ಅಂತ ಕೇಳಿ ಗಾಬರಿಯಾಗಿದೆ. ಟೋ ಹುಕ್ (ಕಾರನ್ನು ಎಳೆಯಲು ಬಂಪರಿಗೆ ತಿರುಪುವ ಬಳೆ), ಗೇರ್‌ಬಾಕ್ಸ್ ಬಿಡಿಸುವ ಟೂಲ್ ಎಲ್ಲ ಸೇರಿದ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ.

ಟೋ ಹುಕ್ ಬೇಕೇ ಬೇಕು. ಗೇರ್‌ಬಾಕ್ಸ್ ಟೂಲ್ ಬಗ್ಗೆ ಆಮೇಲೆ ಯೋಚಿಸಿ. ಆ ದುಡ್ಡಿನಲ್ಲಿ ಮೊದಲು ಒಂದು ಒಳ್ಳೆಯ ಬ್ಯಾಟರಿ ಚಾರ್ಜರ್, ಒಂದು ಜಂಪ್ ಪ್ಯಾಕ್ (ಸತ್ತ ಬ್ಯಾಟರಿಗೆ ಕರೆಂಟ್ ಕೊಡುವ ಚಿಕ್ಕ ಪೆಟ್ಟಿಗೆ) ತಗೊಳ್ಳಿ. ನಾನು ಮಿಶಿಗನ್‌ನಲ್ಲಿದ್ದೇನೆ. ಇಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಕೆಲಸದಲ್ಲೇ ಇರುವ ಕನ್ನಡದವರು ಬಹಳ ಜನ. ವಾರಾಂತ್ಯದಲ್ಲಿ ಯಾರಾದರೊಬ್ಬರ ಗ್ಯಾರೇಜಿನಲ್ಲಿ ಇದೇ ಮಾತು ನಡೆಯುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಈ ಕಾರು ಯಾಕೆ ಹೀಗೆ ಅಂತ ನೋಡೋಣ. 2019ರ ಜುಲೈನಲ್ಲಿ ಷೆವರ್ಲೆ ಇದನ್ನು ತೋರಿಸಿದಾಗ ದೊಡ್ಡ ಸುದ್ದಿ ಆಗಿದ್ದು ಎಂಜಿನ್ ಜಾಗ ಬದಲಾಗಿದ್ದು. ಅಷ್ಟು ವರ್ಷ ಮುಂದೆ ಇದ್ದ ಎಂಜಿನ್ ಸೀಟಿನ ಹಿಂದೆ ಬಂತು. ಅದರ ಜೊತೆಗೇ ಇನ್ನೊಂದು ಬದಲಾವಣೆ ಆಯಿತು. ಕ್ಲಚ್ ಪೆಡಲ್ ಹೋಯಿತು, ಗೇರ್ ಲಿವರ್ ಕೂಡ ಹೋಯಿತು. ಈಗ ಇರುವುದು ಟ್ರೆಮೆಕ್ ಕಂಪನಿಯ ಎಂಟು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಮಾತ್ರ. ಅದನ್ನು ನಡೆಸುವುದು ಸ್ವಿಚ್ಚುಗಳಿಂದ. ನೀವು ಪಾರ್ಕ್ ಬಟನ್ ಒತ್ತಿದರೆ ಯಾವ ಸರಳೂ ಕದಲುವುದಿಲ್ಲ. ಕಂಪ್ಯೂಟರಿಗೆ ಒಂದು ಸಂದೇಶ ಹೋಗುತ್ತದೆ, ಉಳಿದಿದ್ದನ್ನು ಅದೇ ಮಾಡುತ್ತದೆ.

ಪಾರ್ಕ್ ಅಂದರೆ ಗೇರ್‌ಬಾಕ್ಸ್ ಒಳಗೆ ಒಂದು ಉಕ್ಕಿನ ಕೊಕ್ಕೆ ಬಂದು ಹಲ್ಲಿರುವ ಚಕ್ರವೊಂದಕ್ಕೆ ಸಿಕ್ಕಿಕೊಳ್ಳುವುದು. ಬಾಗಿಲಿಗೆ ಅಗಳಿ ಹಾಕಿದ ಹಾಗೆ. ಸ್ವಿಚ್ಚಿನಿಂದ ನಡೆಯುವ ಗೇರ್‌ಬಾಕ್ಸ್‌ಗಳಲ್ಲಿ ಆ ಕೊಕ್ಕೆಯನ್ನು ಬಿಡಿಸಲು ಕರೆಂಟ್ ಬೇಕು. ಕರೆಂಟ್ ಇಲ್ಲದಿದ್ದರೆ ಅದು ಸಿಕ್ಕಿಕೊಂಡೇ ಇರುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ, ಇಳಿಜಾರಿನಲ್ಲಿ ನಿಂತ ಕಾರು ಬ್ಯಾಟರಿ ಸತ್ತ ಕೂಡಲೇ ಉರುಳಿ ಹೋಗಬಾರದು ಅಂತ. ಇನ್ನೊಂದು ವಿಷಯ. ಬ್ಯಾಟರಿ ಪೂರ್ತಿ ಸಾಯಬೇಕಾಗಿಲ್ಲ. ಡ್ಯಾಶ್‌ಬೋರ್ಡಿನ ದೀಪ ಮಂದವಾಗಿ ಉರಿಯುತ್ತಿದ್ದರೂ, ವೋಲ್ಟೇಜ್ ಸಾಲದಿದ್ದರೆ ಗೇರ್‌ಬಾಕ್ಸ್ ನಿಮ್ಮ ಮಾತು ಕೇಳುವುದಿಲ್ಲ.

ಈಗ ಕಿಟ್ ಮಾರುವವರು ಒತ್ತಿ ಹೇಳದ ಸಂಗತಿಗೆ ಬರುತ್ತೇನೆ. ಈ ಕಾರಿಗೆ ಎರಡು ಬೀಗಗಳಿವೆ. ಒಂದು ಗೇರ್‌ಬಾಕ್ಸ್ ಒಳಗಿನ ಪಾರ್ಕ್ ಲಾಕ್. ಇನ್ನೊಂದು ಹಿಂದಿನ ಚಕ್ರಗಳ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್. ಅದನ್ನು ಬಿಗಿ ಮಾಡುವುದೂ ಸಡಿಲ ಮಾಡುವುದೂ ಚಿಕ್ಕ ಮೋಟಾರುಗಳು. ನೀವು ಟೂಲ್ ಹಾಕಿ ಕಷ್ಟಪಟ್ಟು ಗೇರ್‌ಬಾಕ್ಸ್ ಬಿಡಿಸಿದಿರಿ ಅಂತಿಟ್ಟುಕೊಳ್ಳಿ. ಪಾರ್ಕಿಂಗ್ ಬ್ರೇಕ್ ಹಾಕಿದ್ದರೆ ಹಿಂದಿನ ಚಕ್ರ ಆಗಲೂ ತಿರುಗುವುದಿಲ್ಲ. ಟೂಲ್ ಬಿಡಿಸುವುದು ಒಂದು ಬೀಗವನ್ನು ಮಾತ್ರ. ಎರಡನ್ನೂ ಮಾಮೂಲಿಯಾಗಿ ಬಿಡಿಸಲು 12 ವೋಲ್ಟ್ ಕರೆಂಟ್ ಬೇಕು. ಅದಕ್ಕೇ ನಾನು ಬ್ಯಾಟರಿ ಮೊದಲು ಅಂತ ಹೇಳುತ್ತಿರುವುದು.

ಹಾಗಾದರೆ ಚಳಿಗಾಲಕ್ಕೆ ಏನು ಮಾಡಬೇಕು? ಎಜಿಎಂ ಬ್ಯಾಟರಿಗೆ (ಆಸಿಡ್ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುವ ಬಗೆಯ ಬ್ಯಾಟರಿ) ಹೊಂದುವ ಚಾರ್ಜರ್ ತಗೊಂಡು, ಕಾರು ನಿಂತಷ್ಟು ದಿನವೂ ಸಿಕ್ಕಿಸಿಡಿ. ಸುಮ್ನೆ ನಿಂತ ಕಾರೂ ಕರೆಂಟ್ ತಿನ್ನುತ್ತಿರುತ್ತದೆ. ಅಲಾರಂ, ಕೀ ಹತ್ತಿರ ಬಂತಾ ಅಂತ ಕೇಳಿಸಿಕೊಳ್ಳುವ ರಿಸೀವರ್, ಮೊಬೈಲ್ ಆ್ಯಪ್‌ಗೆ ಉತ್ತರ ಕೊಡುವ ಮಾಡ್ಯೂಲ್, ಇವೆಲ್ಲ ಮಲಗಿದಂತೆ ಕಂಡರೂ ಪೂರ್ತಿ ಮಲಗುವುದಿಲ್ಲ. ಪೂರ್ತಿ ಚಾರ್ಜ್ ಆದ ಎಜಿಎಂ ಬ್ಯಾಟರಿ ಸುಮಾರು 12.8 ವೋಲ್ಟ್ ತೋರಿಸುತ್ತದೆ. 12.4ಕ್ಕೆ ಇಳಿದರೆ ಚಾರ್ಜ್ ಮಾಡುವ ಹೊತ್ತಾಯಿತು ಅಂತ ಅರ್ಥ. 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಮ್ಮಿ ಖಾಲಿ. ಸಮತಟ್ಟಾದ ಗ್ಯಾರೇಜಾದರೆ ಪಾರ್ಕಿಂಗ್ ಬ್ರೇಕ್ ಹಾಕದೆ ಪಾರ್ಕ್‌ನಲ್ಲಷ್ಟೇ ನಿಲ್ಲಿಸಿ, ಚಕ್ರಕ್ಕೆ ಎರಡೂ ಕಡೆ ಅಡೆ ಕೊಡಿ. ಒಂದು ಬೀಗ ಅಲ್ಲೇ ಕಮ್ಮಿ ಆಯಿತು.

ಜಂಪ್ ಪ್ಯಾಕ್ ಎಲ್ಲಿಡುತ್ತೀರಿ ಅನ್ನುವುದು ಸಣ್ಣ ವಿಷಯ ಅನಿಸಬಹುದು. ಅಲ್ಲ. ಸಿ8ನಲ್ಲಿ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯ ಕಡೆ. ಬಾಗಿಲು, ಡಿಕ್ಕಿ ಎಲ್ಲವೂ ಎಲೆಕ್ಟ್ರಿಕ್ ಲಾಕ್. ಜಂಪ್ ಪ್ಯಾಕನ್ನೂ ಟೋ ಹುಕ್ಕನ್ನೂ ಡಿಕ್ಕಿಯೊಳಗೆ ಇಟ್ಟು ಮುಚ್ಚಿದರೆ, ಬ್ಯಾಟರಿ ಸತ್ತ ದಿನ ಬೇಕಾದ ಸಾಮಾನೆಲ್ಲ ಒಳಗೆ, ನೀವು ಹೊರಗೆ. ಪ್ಯಾಕ್ ಮನೆಯಲ್ಲಿ ಅಥವಾ ಸೀಟಿನ ಹತ್ತಿರ ಇರಲಿ. ಕೀ ಫಾಬ್ ಒಳಗೆ ಒಂದು ಚಿಕ್ಕ ಲೋಹದ ಕೀ ಇದೆ. ಅದು ಎಲ್ಲಿ ಹೋಗುತ್ತದೆ, ಮುಂದಿನ ಡಿಕ್ಕಿಯನ್ನು ಕೈಯಿಂದ ತೆಗೆಯುವುದು ಹೇಗೆ, ಕಾರಿನೊಳಗೆ ಬಾಗಿಲಿಗೆ ಇರುವ ಕೈಲಿವರ್ ಎಲ್ಲಿದೆ ಅನ್ನುವುದನ್ನು ಓನರ್ಸ್ ಮ್ಯಾನ್ಯುಯಲ್ ನೋಡಿಕೊಂಡು ಒಮ್ಮೆ ನಿಮ್ಮ ಕೈಯಾರೆ ಮಾಡಿ ನೋಡಿ. ಬ್ಯಾಟರಿ ಚೆನ್ನಾಗಿರುವಾಗಲೇ, ಹಗಲು ಬೆಳಕಿನಲ್ಲಿ. ಕೊರೆಯುವ ಚಳಿಯಲ್ಲಿ, ಕತ್ತಲಲ್ಲಿ, ಕೈಗವಸು ಹಾಕಿಕೊಂಡು ಮೊದಲ ಸಲ ಹುಡುಕುವ ಕೆಲಸ ಅದಲ್ಲ.

ಜಂಪ್ ಪ್ಯಾಕ್‌ಗಳ ಒಂದು ಗುಣ ಗೊತ್ತಿರಲಿ. ಬ್ಯಾಟರಿ ಪೂರ್ತಿ ಸೊನ್ನೆಗೆ ಹೋಗಿದ್ದರೆ ಬಹಳ ಪ್ಯಾಕ್‌ಗಳು ಎದುರಿಗೆ ಬ್ಯಾಟರಿ ಇದೆ ಅಂತಲೇ ಗುರುತಿಸುವುದಿಲ್ಲ, ಕರೆಂಟ್ ಬಿಡುವುದಿಲ್ಲ. ಅದಕ್ಕಾಗಿ ಒಂದು ಬೇರೆ ಬಟನ್ ಇರುವ ಪ್ಯಾಕ್ ಸಿಗುತ್ತದೆ. ಅದನ್ನು ಒತ್ತಿದರೆ ಪ್ಯಾಕ್ ಏನನ್ನೂ ಪರೀಕ್ಷೆ ಮಾಡದೆ ಕರೆಂಟ್ ಕೊಡುತ್ತದೆ. ಆಗ ಪ್ಲಸ್, ಮೈನಸ್ ಸರಿಯಾಗಿದೆಯಾ ಅಂತ ನೋಡುವ ಜವಾಬ್ದಾರಿ ನಿಮ್ಮದು. ಕರೆಂಟ್ ಬಂದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ನೋಡಿ. ನ್ಯೂಟ್ರಲ್‌ಗೆ ಹಾಕಲು, ಪಾರ್ಕಿಂಗ್ ಬ್ರೇಕ್ ಬಿಡಿಸಲು ಸಾಕಾದರೆ ಅರ್ಧ ಗೆದ್ದಂತೆ. ಆದರೆ ನ್ಯೂಟ್ರಲ್‌ನಲ್ಲಿದೆ ಅಂತ ನಂಬಿ ಕಾರನ್ನು ಆಫ್ ಮಾಡಬೇಡಿ, ಅದು ತಾನಾಗಿಯೇ ಪಾರ್ಕ್‌ಗೆ ವಾಪಸ್ ಹೋಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಕಾರ್ ವಾಶ್ ಮೋಡ್ ಅಂತ ಒಂದು ವಿಧಾನ ಕೊಟ್ಟಿದ್ದಾರೆ. ನ್ಯೂಟ್ರಲ್‌ನಲ್ಲೇ ಉಳಿಸಿಕೊಳ್ಳಲು ಅದೇ ದಾರಿ.

ಇಷ್ಟೆಲ್ಲ ಮಾಡಿದರೂ ಕಾರು ಕದಲಲಿಲ್ಲ, ಟೋ ಮಾಡಿಸಲೇಬೇಕು ಅಂತಾದರೆ ಫ್ಲಾಟ್‌ಬೆಡ್, ಅಂದರೆ ಇಡೀ ಕಾರನ್ನು ಹಾಸಿನ ಮೇಲೆ ಹೊತ್ತೊಯ್ಯುವ ಟ್ರಕ್ ಒಂದೇ. ಇದರಲ್ಲಿ ಚೌಕಾಸಿ ಬೇಡ. ನಮ್ಮೂರಲ್ಲಿ ಅಂಬಾಸಿಡರಿಗೋ ಮಾರುತಿಗೋ ಹಗ್ಗ ಕಟ್ಟಿ, ನ್ಯೂಟ್ರಲ್ ಮಾಡಿ, ಒಬ್ಬರು ಸ್ಟಿಯರಿಂಗ್ ಹಿಡಿದು ಕೂತರೆ ಗ್ಯಾರೇಜಿನವರೆಗೆ ಎಳೆದುಕೊಂಡು ಹೋಗಬಹುದಿತ್ತು. ಇಲ್ಲಿ ಅದು ನಡೆಯುವುದಿಲ್ಲ. ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಸುವುದು ಪಂಪ್. ಎಂಜಿನ್ ಓಡಿದರೆ ಮಾತ್ರ ಪಂಪ್ ಓಡುತ್ತದೆ. ಎಂಜಿನ್ ಆಫ್ ಆಗಿ, ಹಿಂದಿನ ಚಕ್ರ ರಸ್ತೆಯ ಮೇಲೆ ತಿರುಗುತ್ತಾ ಹೋದರೆ ಒಳಗಿನ ಗೇರು, ಬೇರಿಂಗು ಎಲ್ಲ ಎಣ್ಣೆ ಸರಿಯಾಗಿ ಸಿಗದೆ ತಿರುಗುತ್ತವೆ. ನ್ಯೂಟ್ರಲ್‌ನಲ್ಲಿದ್ದರೂ ಅಷ್ಟೇ. ಈ ಗೇರ್‌ಬಾಕ್ಸ್ ಬೆಲೆ ಮುಂದೆ ಟೋ ಟ್ರಕ್ಕಿನ ಬಾಡಿಗೆ ಲೆಕ್ಕಕ್ಕೇ ಇಲ್ಲ. ನಿಮ್ಮ ಸ್ನೇಹಿತರು ಯಾರಾದರೂ 2024ರ ಮಾಡೆಲ್‌ನಿಂದ ಶುರುವಾದ ಇ-ರೇ (ಕಾರ್ವೆಟ್‌ನ ಹೈಬ್ರಿಡ್ ಮಾದರಿ) ತಗೊಂಡಿದ್ದರೆ ಅವರಿಗೂ ಹೇಳಿ. ಅದರಲ್ಲಿ ಮುಂದಿನ ಚಕ್ರಗಳನ್ನು ತಿರುಗಿಸಲು ಎಲೆಕ್ಟ್ರಿಕ್ ಮೋಟಾರ್ ಇದೆ. ಯಾವ ಚಕ್ರವೂ ನೆಲಕ್ಕೆ ತಾಗಬಾರದು.

ಟ್ರಕ್ ಕರೆಯುವಾಗ ಫೋನಿನಲ್ಲೇ ಮೂರು ಮಾತು ಹೇಳಿಬಿಡಿ: ನೆಲಕ್ಕೆ ತೀರಾ ಹತ್ತಿರ ಇರುವ ಕಾರು, ಪಾರ್ಕ್‌ನಲ್ಲಿ ಲಾಕ್ ಆಗಿದೆ, ಸ್ಕೇಟ್ ಅಥವಾ ಡಾಲಿ ತನ್ನಿ. ಇದನ್ನು ಹೇಳದಿದ್ದರೆ ಬಂದವರು ಮಾಮೂಲಿ ಕಾರಿನ ಹಾಗೆ ಎಳೆಯಲು ಶುರು ಮಾಡುತ್ತಾರೆ. ಹಿಂದಿನ ಎರಡೂ ಚಕ್ರ ಲಾಕ್ ಆಗಿರುವಾಗ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕಿ ದರದರ ಎಳೆದಿದ್ದನ್ನು ನಾನು ಒಂದು ಪಾರ್ಕಿಂಗ್ ಲಾಟ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. ಟೈರಿನ ಕಪ್ಪು ಗುರುತು ಟ್ರಕ್ಕಿನವರೆಗೂ ಬಿದ್ದಿತ್ತು. ಟೈರ್ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ, ಆ ಜಗ್ಗಾಟವೆಲ್ಲ ಪಾರ್ಕ್ ಲಾಕಿನ ಕೊಕ್ಕೆಯ ಮೇಲೆ ಬೀಳುತ್ತದೆ. ಪಾಪ, ಆ ಡ್ರೈವರಿಗೆ ಯಾರೂ ಹೇಳಿರಲಿಲ್ಲ.

ಸ್ಕೇಟ್ ಅಂದರೆ ಜಾರುವ ಪ್ಲಾಸ್ಟಿಕ್ ತಟ್ಟೆ. ಲಾಕ್ ಆದ ಚಕ್ರದ ಕೆಳಗೆ ಅದನ್ನು ಸೇರಿಸಿದರೆ ಕಾರು ಅದರ ಮೇಲೆ ಜಾರಿಕೊಂಡು ಟ್ರಕ್ ಏರುತ್ತದೆ. ಅನುಭವಸ್ಥರು ಟ್ರಕ್ಕಿನ ಹಾಸಿನ ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರೂ ಸುರಿಯುತ್ತಾರೆ, ನೋಡಿ ಹೆದರಬೇಡಿ. ಗ್ಯಾರೇಜಿನೊಳಗೆ ಗೋಡೆಗೆ ಮುಖ ಮಾಡಿ ನಿಂತ ಕಾರಾದರೆ ಡಾಲಿ ಬೇಕು, ಅಂದರೆ ಟೈರನ್ನು ಹೊತ್ತು ಉರುಳುವ ಚಿಕ್ಕ ಗಾಲಿಬಂಡಿ. ಕಾಲಿನಿಂದ ಪೆಡಲ್ ತುಳಿದರೆ ಎರಡು ರೋಲರ್ ಟೈರನ್ನು ಹಿಂಡಿ ಮೇಲೆತ್ತುವ ಬಗೆಯದು ಒಳ್ಳೆಯದು. ಆದರೆ ಅಗಲ ನೋಡಿ. ಸಿ8ನ ಮೂಲ ಮಾದರಿ ಸ್ಟಿಂಗ್‌ರೇಯ ಹಿಂದಿನ ಟೈರ್ 305 ಮಿಲಿಮೀಟರ್, ಅಂದರೆ 12 ಇಂಚು. ಮಾಮೂಲಿ ಕಾರಿಗೆ ಬರುವ ಡಾಲಿ ಇದಕ್ಕೆ ಸಾಲುವುದಿಲ್ಲ. ತೂಕವೂ ಹಿಂದೆಯೇ ಜಾಸ್ತಿ.

ಮುಂದಿನ ಬಂಪರ್ ಬಗ್ಗೆಯೂ ಜಾಗ್ರತೆ. ನಿಮ್ಮ ಕಾರಿನಲ್ಲಿ ಫ್ರಂಟ್ ಲಿಫ್ಟ್ ಇದ್ದರೆ ಮೂಗು ಸುಮಾರು 40 ಮಿಲಿಮೀಟರ್ ಏರುತ್ತದೆ. ಕಾರು ಸತ್ತಿದ್ದರೆ ಲಿಫ್ಟೂ ಸತ್ತಂತೆಯೇ. ಆಗ ಎರಡು ಉದ್ದದ ಹಲಗೆ ಕೊಟ್ಟು ಟ್ರಕ್ ಏರುವ ಇಳಿಜಾರು ಕಡಿಮೆ ಮಾಡಬೇಕು.

ಈಗ ಟೋ ಹುಕ್. ಬಂಪರಿನ ಚಿಕ್ಕ ಮುಚ್ಚಳ ತೆಗೆದು ತಿರುಪುವ ಉಕ್ಕಿನ ಬಳೆ ಇದು. ನೀವು ಸೆಕೆಂಡ್ ಹ್ಯಾಂಡ್ ತಗೊಂಡಿರುವುದರಿಂದ ಮೊದಲು ಇದು ಕಾರಿನಲ್ಲಿ ಇದೆಯಾ ನೋಡಿ. ಹಳೆಯ ಮಾಲೀಕರು ಎಲ್ಲೋ ತೆಗೆದಿಟ್ಟು ಮರೆತಿರುವುದುಂಟು. ಇಲ್ಲದಿದ್ದರೆ ಕಿಟ್ ಬೇಡ, ಹುಕ್ ಒಂದನ್ನೇ ತಗೊಳ್ಳಿ. ನಿಮ್ಮ ಮಾಡೆಲ್‌ಗೆ ಹೊಂದುವುದಾಗಿರಲಿ, ಅಂದಕ್ಕಾಗಿ ಮಾರುವ ಬಣ್ಣದ ಅಲ್ಯೂಮಿನಿಯಂ ಹುಕ್ ಬೇಡ. ಪೂರ್ತಿ ಒಳಗೆ ಹೋಗುವವರೆಗೂ ತಿರುಪಬೇಕು. ಅರ್ಧಕ್ಕೆ ನಿಂತ ಹುಕ್ ಬಾಗುತ್ತದೆ ಅಥವಾ ಕಿತ್ತು ಬರುತ್ತದೆ. ಎಳೆಯುವಾಗ ಅದರ ಎದುರು ಯಾರೂ ನಿಲ್ಲಬಾರದು. ಇದು ಸಮತಟ್ಟಾದ ರಸ್ತೆಯಿಂದ ಫ್ಲಾಟ್‌ಬೆಡ್ ಮೇಲೆ ಎಳೆಯಲು ಮಾತ್ರ. ಹಿಮದಲ್ಲಿ, ಕೆಸರಿನಲ್ಲಿ ಹೂತ ಕಾರನ್ನು ಜಗ್ಗಲು ಅಲ್ಲ. ಮೇಲೆ ಹತ್ತಿದ ಮೇಲೆ ಕಾರನ್ನು ಕಟ್ಟುವುದು ಚಕ್ರಗಳಿಗೆ ಸುತ್ತುವ ಪಟ್ಟಿಯಿಂದ. ಸಸ್ಪೆನ್ಷನ್ ತೋಳಿಗೆ ಕೊಕ್ಕೆ ಹಾಕಲು ಬಿಡಬೇಡಿ.

ಇನ್ನು ಗೇರ್‌ಬಾಕ್ಸ್ ಬಿಡಿಸುವ ಟೂಲ್. ಇದು ಮಾಡುವುದು ಇಷ್ಟೇ: ಕರೆಂಟ್ ಮಾಡಬೇಕಿದ್ದ ಕೆಲಸವನ್ನು ಕೈಯಿಂದ ಮಾಡುತ್ತದೆ, ಪಾರ್ಕ್ ಕೊಕ್ಕೆಯನ್ನು ಹೊರಕ್ಕೆ ಎಳೆದು ಹಿಡಿಯುತ್ತದೆ. ಬ್ಯಾಟರಿ ಚೆನ್ನಾಗಿದ್ದೂ ಗೇರ್‌ಬಾಕ್ಸೇ ಕೆಟ್ಟು ಪಾರ್ಕ್‌ನಲ್ಲಿ ಲಾಕ್ ಆದಾಗ ಇದಕ್ಕೆ ನಿಜವಾದ ಬೆಲೆ. ವರ್ಕ್‌ಶಾಪಿನವರಿಗೆ, ಟೋ ಟ್ರಕ್ಕಿನವರಿಗೆ, ಟ್ರ್ಯಾಕಿಗೆ ಕಾರು ಒಯ್ಯುವವರಿಗೆ ಇದು ಉಪಯೋಗದ ವಸ್ತು. ಮನೆಯಲ್ಲಿ ಒಬ್ಬರೇ ಇದ್ದಾಗ ಕಾರಿನ ಕೆಳಗೆ ನುಗ್ಗಿ ಇದನ್ನು ಹಾಕುವುದು ನನಗೆ ಒಪ್ಪಿಗೆ ಇಲ್ಲ. ಕೊಕ್ಕೆ ಬಿಟ್ಟ ಕ್ಷಣ ಕಾರನ್ನು ಹಿಡಿದು ನಿಲ್ಲಿಸಲು ಏನೂ ಇರುವುದಿಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿರದಿದ್ದರೆ, ಡ್ರೈವ್‌ವೇ ಸ್ವಲ್ಪ ಇಳಿಜಾರಿದ್ದರೆ, ಕಾರು ನಿಮ್ಮ ಮೇಲೇ ಉರುಳುತ್ತದೆ. ಹಾಕಲೇಬೇಕಾದರೆ ನಾಲ್ಕೂ ಚಕ್ರಕ್ಕೆ ಅಡೆ ಕೊಟ್ಟು, ವಿಂಚ್ ಹಗ್ಗ ಮೊದಲೇ ಕಟ್ಟಿ ಬಿಗಿ ಮಾಡಿ, ಆಮೇಲೆ ಕೈಹಾಕಿ. ಜಾಕ್ ಒಂದರ ಮೇಲೇ ನಿಂತ ಕಾರಿನ ಕೆಳಗೆ ಹೋಗಲೇಬೇಡಿ.

ನಿಮ್ಮದು 2023ರ ಕಾರು. ಷೆವರ್ಲೆ ಹೊಸ ಕಾರಿಗೆ 5 ವರ್ಷ ಅಥವಾ 60,000 ಮೈಲಿವರೆಗೆ ಪವರ್‌ಟ್ರೇನ್ (ಎಂಜಿನ್, ಗೇರ್‌ಬಾಕ್ಸ್) ವಾರಂಟಿ, ರೋಡ್‌ಸೈಡ್ ಅಸಿಸ್ಟೆನ್ಸ್ ಎರಡನ್ನೂ ಕೊಡುತ್ತದೆ. ಮಾಲೀಕರು ಬದಲಾದರೂ ಅವು ಕಾರಿನ ಜೊತೆಗೇ ಬರುತ್ತವೆ. ಮೊದಲ ಮಾಲೀಕರಿಗೆ ಕಾರು ಕೊಟ್ಟ ತಾರೀಖಿನಿಂದ ಲೆಕ್ಕ. ಆ ತಾರೀಖನ್ನು ಡೀಲರ್ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಅವಧಿ ಇರುವವರೆಗೆ ಗೇರ್‌ಬಾಕ್ಸ್ ಲಾಕ್ ಆದರೆ ನೀವು ಏನನ್ನೂ ಬಿಚ್ಚಬೇಡಿ, ಫೋನ್ ಮಾಡಿ ಫ್ಲಾಟ್‌ಬೆಡ್ ತರಿಸಿ. ಅವಧಿ ಮುಗಿದ ಮೇಲೂ ಟೂಲ್ ಬೇಕು ಅನಿಸಿದರೆ, ಮಾರುವವರು ನಿಮ್ಮ ಮಾಡೆಲ್ ವರ್ಷಕ್ಕೆ ಹೊಂದುತ್ತದೆ ಅಂತ ಬರೆದು ಕೊಡುತ್ತಾರಾ, ಅದನ್ನು ಹಾಕಲು ಕಾರಿನ ಕೆಳಗಿನ ಯಾವ ಪ್ಯಾನೆಲ್ ಬಿಚ್ಚಬೇಕು, ಕಾರು ಎಷ್ಟು ಎತ್ತರ ಎತ್ತಬೇಕು ಅನ್ನುವುದನ್ನು ಮೊದಲು ಕೇಳಿ. ಕಾರನ್ನು ಎತ್ತದೆ ಕೈ ತಲುಪುವುದಿಲ್ಲ ಅಂದರೆ, ರಸ್ತೆ ಬದಿಯಲ್ಲಿ ಆ ಟೂಲ್‌ನಿಂದ ನಿಮಗೆ ಏನೂ ಪ್ರಯೋಜನ ಇಲ್ಲ.